ಮದುವೆಯ ರಿಜಿಸ್ಟರಿಗೆ ಸಹಿ ಬಿದ್ದ ಮೇಲೆ ಚರ್ಚಿನ ಕೆಲಸವೇನು?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಧರ್ಮಕೇಂದ್ರದ ಪಾಲನಾ ಮಂಡಳಿಯ ಕಾರ್ಯದರ್ಶಿ. 2027ರ ಫೆಬ್ರುವರಿ ಎರಡನೆಯ ಭಾನುವಾರ ನಮ್ಮ ಚರ್ಚಿನಲ್ಲಿ ವಿವಾಹ ದಿನವನ್ನು ಆಚರಿಸಿ, ಮದುವೆಯಾಗಿ 25 ಮತ್ತು 50 ವರ್ಷ ತುಂಬಿದ ದಂಪತಿಗಳನ್ನು ಸನ್ಮಾನಿಸಿ, ಎಲ್ಲರಿಗೂ ಊಟ ಹಾಕಬೇಕೆಂದು ಮಂಡಳಿ ಯೋಚಿಸಿದೆ. ಆದರೆ ಈಚಿನ ವರ್ಷಗಳಲ್ಲಿ ನಮ್ಮಲ್ಲೇ ಮದುವೆಯಾದ ಕೆಲವು ಯುವ ದಂಪತಿಗಳು ಬೇರೆಯಾಗಿದ್ದಾರೆ. ಇನ್ನು ಕೆಲವರ ಮನೆಯಲ್ಲಿ ಏನೋ ಸರಿಯಿಲ್ಲವೆಂಬುದು ಎಲ್ಲರಿಗೂ ಗೊತ್ತಿದ್ದರೂ ಯಾರೂ ಬಾಯಿ ಬಿಡುವುದಿಲ್ಲ. ಇಂಥ ಆಚರಣೆಯಿಂದ ಮದುವೆಗಳಿಗೆ ನಿಜವಾಗಿ ಬಲ ಬರುತ್ತದೆಯೇ? ದಾನಿಗಳು ಕೊಟ್ಟಿರುವ ಹಣದಲ್ಲಿ ದಂಪತಿಗಳಿಗೆ ಸ್ಮರಣಿಕೆ ಕೊಡಬಹುದೇ?

ಉತ್ತರ: ವರ್ಷಕ್ಕೊಂದು ದಿನದ ಆಚರಣೆಯಿಂದ ಮದುವೆಯೆಂಬ ಸಂಸ್ಕಾರಕ್ಕೆ ನಾಲ್ಕು ಜನರೆದುರು ಗೌರವ ಸಲ್ಲುತ್ತದೆ, ಅದು ಸಣ್ಣ ವಿಷಯವೇನಲ್ಲ, ಆದರೆ ಸಂಕಟದಲ್ಲಿರುವ ಒಂದು ಮನೆಗೆ ಅದರಿಂದ ನೆರವು ತಲುಪುವುದಿಲ್ಲ. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯ 1063ನೆಯ ವಿಧಿಯು ಮದುವೆಗೆ ಸಂಬಂಧಿಸಿದಂತೆ ಗುರುಗಳು ತಮ್ಮ ಸಮುದಾಯದ ಮೂಲಕ ನಡೆಸಿಕೊಡಬೇಕಾದ ನಾಲ್ಕು ಕರ್ತವ್ಯಗಳನ್ನು ಹೇಳುತ್ತದೆ: ಮದುವೆಯ ಅರ್ಥವನ್ನು ಮಕ್ಕಳಿಗೂ ಯುವಜನರಿಗೂ ದೊಡ್ಡವರಿಗೂ ಬೋಧಿಸುವುದು, ಮದುವೆಯಾಗಲಿರುವವರನ್ನು ಖುದ್ದಾಗಿ ಸಿದ್ಧಗೊಳಿಸುವುದು, ಮದುವೆಯ ವಿಧಿಯನ್ನು ಫಲಪ್ರದವಾಗಿ ನೆರವೇರಿಸುವುದು, ಮತ್ತು ಮದುವೆಯಾದವರಿಗೆ ತಮ್ಮ ಬಾಳನ್ನು ಕಾಪಾಡಿಕೊಳ್ಳಲು ನೆರವಾಗುವುದು. ಮೊದಲನೆಯದು ಭಾನುವಾರದ ಧರ್ಮೋಪದೇಶದ ತರಗತಿಯಲ್ಲಿ ಒಂದಷ್ಟು ನಡೆಯುತ್ತದೆ. ಎರಡನೆಯದಕ್ಕೆ ವಿವಾಹಪೂರ್ವ ತರಬೇತಿಯಿದೆ, ಅದರ ಪ್ರಮಾಣಪತ್ರವನ್ನು ಗುರುಗಳು ಕೇಳಿಯೇ ಕೇಳುತ್ತಾರೆ. ಮೂರನೆಯದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ; ಗಾಯನ ತಂಡದಿಂದ ಹಿಡಿದು ಪೀಠದ ಹೂವಿನವರೆಗೆ ಎಲ್ಲವೂ ಅಚ್ಚುಕಟ್ಟು. ನಾಲ್ಕನೆಯದು ಮಾತ್ರ ಬಹುತೇಕ ಖಾಲಿ ಬಿದ್ದಿದೆ. ರಿಜಿಸ್ಟರಿಗೆ ಸಹಿ ಹಾಕಿದ ದಿನಕ್ಕೂ, ಜಗಳ ಹತ್ತಿಕೊಂಡು ಎರಡೂ ಕಡೆಯ ಹಿರಿಯರು ಗುರುಗಳ ಮನೆಯ ಜಗುಲಿಯಲ್ಲಿ ಬಂದು ಕೂರುವ ದಿನಕ್ಕೂ ನಡುವೆ ಚರ್ಚು ಆ ದಂಪತಿಯ ಮನೆಯ ಹೊಸ್ತಿಲನ್ನು ದಾಟಿರುವುದಿಲ್ಲ. ನಿಮ್ಮ ಮಂಡಳಿಯು ಶ್ರಮವನ್ನೂ ಹಣವನ್ನೂ ಈ ನಡುವಿನ ವರ್ಷಗಳಿಗೆ ಹಾಕಬೇಕೆಂಬುದು ನನ್ನ ಅಭಿಪ್ರಾಯ. ಆಚರಣೆ ಬೇಡವೆಂದಲ್ಲ, ಅದು ಆ ಕೆಲಸಕ್ಕೆ ಬಾಗಿಲಾಗಲಿ.

ಮೊದಲು ದಿನಾಂಕದ ವಿಷಯ. ಫೆಬ್ರುವರಿಯ ಎರಡನೆಯ ಭಾನುವಾರವನ್ನು ವಿಶ್ವ ವಿವಾಹ ದಿನವಾಗಿ ಆಚರಿಸುವ ಪದ್ಧತಿ ಅಮೆರಿಕದಲ್ಲಿ ಹುಟ್ಟಿದ್ದು. 2027ರಲ್ಲಿ ಬೂದಿ ಬುಧವಾರ ಫೆಬ್ರುವರಿ 10ಕ್ಕೇ ಬರುವುದರಿಂದ, ನೀವು ಗೊತ್ತು ಮಾಡಿರುವ 14ನೆಯ ತಾರೀಕು, ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸು ಕಾಲದ ಮೊದಲ ಭಾನುವಾರವಾಗುತ್ತದೆ. ಪೀಠಕ್ಕೆ ಹೂವಿಡುವಂತಿಲ್ಲ, ಮಾಂಸದೂಟಕ್ಕೆ ಮನೆಮಂದಿ ಒಪ್ಪುವುದಿಲ್ಲ. ಸಾಲದ್ದಕ್ಕೆ ಆ ಹೊತ್ತಿಗೆ ಕಾಫಿ ತೋಟಗಳಲ್ಲಿ ಕೆಲಸ ಮಾಡುವ ಕುಟುಂಬಗಳು ಕೊಯ್ಲಿನ ದುಡಿತದಲ್ಲಿರುತ್ತವೆ. ಕ್ರಿಸ್ಮಸ್ಸಿನ ನಂತರದ ಭಾನುವಾರ ಬರುವ ಪವಿತ್ರ ಕುಟುಂಬದ ಹಬ್ಬ ಇದಕ್ಕಿಂತ ಎಷ್ಟೋ ವಾಸಿ. 2026ರಲ್ಲಿ ಅದು ಡಿಸೆಂಬರ್ 27ರಂದು ಬರುತ್ತದೆ. ಬೆಂಗಳೂರಿನಲ್ಲೂ ಗಲ್ಫಿನಲ್ಲೂ ದುಡಿಯುವವರು ಊರಿಗೆ ಬಂದಿರುತ್ತಾರೆ, ಅಂದಿನ ವಾಚನಗಳೂ ಕುಟುಂಬವನ್ನೇ ಕುರಿತವು, ಗಂಡನೊಂದು ಕಡೆ ಹೆಂಡತಿಯೊಂದು ಕಡೆ ಇರುವ ಮನೆಗಳಲ್ಲಿ ಇಬ್ಬರೂ ಒಟ್ಟಿಗೆ ಪೂಜೆಗೆ ಬರುವ ಕೆಲವೇ ಭಾನುವಾರಗಳಲ್ಲಿ ಅದೂ ಒಂದು.

ಆ ದಿನ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡುವ ಕಾರ್ಯಕ್ರಮವನ್ನು ಎಷ್ಟು ಚಿಕ್ಕದಾಗಿಸಿದರೆ ಅಷ್ಟು ಒಳ್ಳೆಯದು. ಐವತ್ತು ವರ್ಷ ಒಟ್ಟಿಗೆ ಬಾಳಿದ್ದೊಂದನ್ನೇ ಸಾಧನೆಯೆಂದು ಹೊಗಳುತ್ತಾ ಹೋದರೆ, ಮೂವತ್ತೆಂಟನೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಮಕ್ಕಳನ್ನು ಸಾಕಿದವಳು, ಮಕ್ಕಳಾಗಲಿಲ್ಲವೆಂದು ಮಾತು ಕೇಳುತ್ತಲೇ ಬಂದ ದಂಪತಿ, ತವರಿಗೆ ಹಿಂದಿರುಗಿ ಬಂದಿರುವ ಹೆಣ್ಣುಮಗಳು, ಇವರೆಲ್ಲರೂ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರಬೇಕಾಗುತ್ತದೆ. ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಇವರಿಗಾಗಿಯೂ ಒಂದು ಬಿನ್ನಹವಿರಲಿ. ಆದರೆ ಯಾರನ್ನೂ ಬೆರಳಿಟ್ಟು ತೋರಿಸುವಂತಿರಬಾರದು. ವಿವಾಹದ ವಚನಗಳನ್ನು ನವೀಕರಿಸುವ ವಿಧಿಯಿದ್ದರೆ ಅದನ್ನು ಹಿಂದಿನ ವಾರವೇ ತಿಳಿಸಿ, ಬೇಕಾದವರು ಮಾತ್ರ ಮುಂದೆ ಬರುವಂತೆ ಮಾಡಿ. ಮನೆಯಲ್ಲಿ ತಿಂಗಳಿನಿಂದ ಮಾತಿಲ್ಲದ ಇಬ್ಬರನ್ನು ಏಕಾಏಕಿ ಎದುರುಬದುರು ನಿಲ್ಲಿಸಿ ಕೈ ಹಿಡಿಯಿರೆಂದು ಹೇಳುವುದು ಅವರ ಪಾಲಿಗೆ ಹಿಂಸೆ. ಹಿರಿಯ ದಂಪತಿಯೊಬ್ಬರು ಐದು ನಿಮಿಷ ಮಾತನಾಡಲಿ, ಆದರೆ ಯಶಸ್ಸಿನ ಕಥೆಯನ್ನಲ್ಲ, ತಮಗೆ ಕಷ್ಟವಾದ ಒಂದು ವರ್ಷವನ್ನೂ ಆಗ ತಮಗೆ ಯಾರು ನೆರವಾದರೆಂಬುದನ್ನೂ ಹೇಳಲಿ. ಕೇಳುವ ಕಿರಿಯರಿಗೆ, ನಮ್ಮ ಮನೆಯಲ್ಲಿ ಮಾತ್ರ ಹೀಗೆ ಎಂಬ ನಾಚಿಕೆ ಅದರಿಂದ ಸ್ವಲ್ಪವಾದರೂ ಕಡಿಮೆಯಾಗುತ್ತದೆ.

ನಮ್ಮ ಸೀಮೆಯ ಕ್ರೈಸ್ತರಲ್ಲಿ ಮದುವೆಯ ಸಂಪ್ರದಾಯಗಳಿಗೆ ಬಡತನವಿಲ್ಲ, ಆಚರಣೆಗೆ ಅವುಗಳನ್ನೇ ಬಳಸಿಕೊಳ್ಳಿ. ಕರಾವಳಿಯಿಂದ ಬಂದ ಕೊಂಕಣಿ ಮನೆಗಳಲ್ಲಿ ಮದುವೆಯ ಹಿಂದಿನ ದಿನ ತೆಂಗಿನ ಹಾಲು ಹಚ್ಚುವ ರೋಸ್ ಇದೆ, ಆಗ ಹಾಡುವ ವೊವಿಯೊಗಳಿವೆ. ಕೇರಳದಿಂದ ಬಂದು ನರಸಿಂಹರಾಜಪುರ, ಭದ್ರಾವತಿಗಳ ಕಡೆ ನೆಲೆಸಿದ ಸಿರಿಯನ್ ಕುಟುಂಬಗಳಲ್ಲಿ ಮಂತ್ರಕೋಡಿ ಸೀರೆಯಿಂದ ತೆಗೆದ ಏಳು ನೂಲಿನೆಳೆಯಲ್ಲಿ ಮಿನ್ನನ್ನು, ಅಂದರೆ ತಾಳಿಯನ್ನು, ಪೋಣಿಸಿ ಕಟ್ಟುವ ಪದ್ಧತಿಯಿದೆ. ವೊವಿಯೊ ಬಲ್ಲ ಅಜ್ಜಿಯಂದಿರು ಇರುವಾಗಲೇ ಅವರಿಂದ ಹಾಡಿಸಿ, ಸಾಲುಗಳ ಅರ್ಥವನ್ನು ಹುಡುಗ ಹುಡುಗಿಯರಿಗೆ ಹೇಳಿಸಿದರೆ, ಬಾಡಿಗೆಗೆ ಕರೆಸುವ ಧ್ವನಿವರ್ಧಕದ ಸಂಗೀತಕ್ಕಿಂತ ಅದು ಹೆಚ್ಚು ಕಾಲ ನಿಲ್ಲುತ್ತದೆ.

ಇನ್ನು ಮುಖ್ಯವಾದ ವಿಷಯ. ತಪಸ್ಸು ಕಾಲದಲ್ಲಿ ಮದುವೆಗಳನ್ನು ಇಟ್ಟುಕೊಳ್ಳುವ ರೂಢಿಯಿಲ್ಲದ್ದರಿಂದ ನಮ್ಮಲ್ಲಿ ಬಹಳಷ್ಟು ಮದುವೆಗಳು ಪಾಸ್ಕ ಹಬ್ಬ (ಈಸ್ಟರ್) ಕಳೆದ ಮೇಲೆ, ಏಪ್ರಿಲ್ ಮೇ ತಿಂಗಳಲ್ಲಿ ನಡೆಯುತ್ತವೆ. ಉಡುಪಿಯ ಕಡೆಯಿಂದಲೋ ಮಂಗಳೂರಿನಿಂದಲೋ ಮದುವೆಯಾಗಿ ಬಂದ ಹುಡುಗಿ ನೆಂಟರ ಮನೆಯ ಊಟಗಳನ್ನು ಮುಗಿಸಿ ಗಂಡನ ಮನೆಯಲ್ಲಿ ನೆಲೆಯೂರುವ ಹೊತ್ತಿಗೆ ಸರಿಯಾಗಿ ಮಳೆ ಹಿಡಿಯುತ್ತದೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಸುತ್ತಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದ ನಡುವಿನ ಒಂಟಿಮನೆಯೆಂದರೆ ಏನೆಂಬುದು ನಿಮಗೆ ನಾನು ಹೇಳಬೇಕಾಗಿಲ್ಲ: ಕರೆಂಟ್ ಇಲ್ಲ, ಮೊಬೈಲಿಗೆ ಸಿಗ್ನಲ್ ಇಲ್ಲ, ಬಸ್ಸು ಬರುವ ದಾರಿಯಲ್ಲಿ ಮರ ಬಿದ್ದಿರುತ್ತದೆ, ಒಣಗದ ಬಟ್ಟೆ, ಹೊಗೆ, ಇಂಬಳ. ಗಂಡ ರಜೆ ಮುಗಿದು ಬೆಂಗಳೂರಿಗೆ ಹೋಗಿದ್ದರೆ, ಮೊನ್ನೆಯವರೆಗೂ ಗುರುತೇ ಇಲ್ಲದಿದ್ದ ಅತ್ತೆಮಾವಂದಿರೊಡನೆ ಆಕೆ ಆ ನಾಲ್ಕು ತಿಂಗಳನ್ನು ಕಳೆಯಬೇಕು. ಅತ್ತೆಯ ಕಷ್ಟವೂ ಸಣ್ಣದಲ್ಲ, ತನ್ನ ಅಡುಗೆಮನೆಗೆ ಬಂದ ಹೊಸಬಳಿಗೆ ಏನು ಹೇಳಬಹುದು ಏನು ಹೇಳಬಾರದು ಎಂದು ಆಕೆಗೂ ಯಾರೂ ಕಲಿಸಿರುವುದಿಲ್ಲ. ನಮ್ಮ ನೆರೆಯ ಹಿಂದೂ ಮನೆಗಳಲ್ಲಿ ಹೊಸ ಸೊಸೆಯನ್ನು ಆಷಾಢಕ್ಕೆ ತವರಿಗೆ ಕಳಿಸುವ ರೂಢಿಯಿದೆ. ಅದರ ಮೂಲ ಕಾರಣ ಏನೇ ಇರಲಿ, ಮೊದಲ ಮಳೆಗಾಲದ ನಡುವೆ ಹುಡುಗಿಗೆ ಒಂದು ಉಸಿರು ಸಿಗುತ್ತದೆ. ನಮ್ಮಲ್ಲಿ ಅದೂ ಇಲ್ಲ. ನನ್ನ ಬಳಿ ಆಪ್ತಸಲಹೆಗೆ ಬರುವ ದಂಪತಿಗಳ ಮಾತನ್ನು ಹಿಂದಕ್ಕೆ ಹಿಂದಕ್ಕೆ ಎಳೆದುಕೊಂಡು ಹೋದರೆ, ಮೊದಲ ಗಂಟು ಬಿದ್ದದ್ದು ಹೆಚ್ಚಾಗಿ ಆ ಮೊದಲ ಮಳೆಗಾಲದಲ್ಲಿಯೇ.

ಆದ್ದರಿಂದ ನಿಮ್ಮ ಚರ್ಚು ಒಂದೇ ಒಂದು ಹೊಸ ಕೆಲಸವನ್ನು ಕೈಗೆತ್ತಿಕೊಳ್ಳುವುದಾದರೆ ಅದು ಇದಾಗಲಿ: ಪ್ರತಿಯೊಂದು ಹೊಸ ಮದುವೆಗೂ ಒಬ್ಬರು ಜೊತೆಗಾರ ದಂಪತಿಯನ್ನು ಗೊತ್ತು ಮಾಡಿ, ಅವರು ಮೊದಲ ಮಳೆಗಾಲದಲ್ಲಿ ಕನಿಷ್ಠ ಎರಡು ಸಲ, ಆಮೇಲೆ ಅಡಿಕೆ ಕೊಯ್ಲು ಮುಗಿದ ಮೇಲೊಮ್ಮೆ, ಮದುವೆಯ ವಾರ್ಷಿಕದ ಹೊತ್ತಿಗೊಮ್ಮೆ ಆ ಮನೆಗೆ ಹೋಗಿ ಬರಲಿ. ಪೋಪ್ ಫ್ರಾನ್ಸಿಸ್ ಅವರು 2016ರಲ್ಲಿ ಕುಟುಂಬದ ಪ್ರೀತಿಯನ್ನು ಕುರಿತು ಹೊರಡಿಸಿದ ಪ್ರಬೋಧನ ಪತ್ರದ ಆರನೆಯ ಅಧ್ಯಾಯದಲ್ಲಿ, ಮದುವೆಯ ಮೊದಲ ವರ್ಷಗಳು ಬಹಳ ನಾಜೂಕಿನವೆಂದೂ ಅನುಭವವಿರುವ ದಂಪತಿಗಳು ಕಿರಿಯರಿಗೆ ನೆರವಾಗಲು ಧರ್ಮಕೇಂದ್ರವೇ ತಕ್ಕ ಸ್ಥಳವೆಂದೂ ಹೇಳಿದ್ದಾರೆ. ಅದು ಗುರುಗಳು ಒಬ್ಬರೇ ಮಾಡಬಹುದಾದ ಕೆಲಸವಲ್ಲ. ತಿಂಗಳಿಗೊಮ್ಮೆ ಮಾತ್ರ ಪೂಜೆ ನಡೆಯುವ ಉಪಕೇಂದ್ರಗಳನ್ನೂ ನೋಡಿಕೊಳ್ಳುವ ಗುರುಗಳಿಗೆ ಮನೆಮನೆಗೆ ಹೋಗಲು ಪುರುಸೊತ್ತು ಎಲ್ಲಿ? ಅಲ್ಲದೆ ಫಾದರ್ ಬಂದರೆಂದರೆ ಆ ದಿನ ಮನೆಯ ಎಲ್ಲರೂ ಒಳ್ಳೆಯವರೇ ಆಗಿರುತ್ತಾರೆ.

ಜೊತೆಗಾರರನ್ನು ಆರಿಸುವಾಗ ಎಚ್ಚರ ಬೇಕು. ಅವರು ಗಂಡಿನ ಕಡೆಯ ಅಥವಾ ಹೆಣ್ಣಿನ ಕಡೆಯ ನೆಂಟರಾಗಿರಬಾರದು. ವಾಳೆಯ, ಅಂದರೆ ಧರ್ಮಕೇಂದ್ರದ ಒಂದೊಂದು ವಾರ್ಡಿನ, ಮುಖಂಡರಾದ ಗುರಿಕಾರರೇ ಆಗಬೇಕೆಂದಿಲ್ಲ, ಆಗದಿದ್ದರೇ ಒಳ್ಳೆಯದು, ಏಕೆಂದರೆ ಅವರ ಕೈಯಲ್ಲಿ ವಂತಿಗೆಯ ಪುಸ್ತಕವೂ ಇರುತ್ತದೆ. ಹತ್ತರಿಂದ ಇಪ್ಪತ್ತು ವರ್ಷ ಸಂಸಾರ ಮಾಡಿದವರು ಸಾಕು. ತೀರ ಹಿರಿಯರಾದರೆ ಉಪದೇಶ ಶುರುವಾಗುತ್ತದೆ. ಜಗಳವನ್ನೇ ಕಾಣದವರೆಂದು ಹೆಸರಾದ ದಂಪತಿಗಿಂತ, ಜಗಳವಾಡಿ ಸರಿಪಡಿಸಿಕೊಂಡವರು ಈ ಕೆಲಸಕ್ಕೆ ಹೆಚ್ಚು ಯೋಗ್ಯರು. ಹೋದಾಗ ಗಂಡಸರು ತೋಟ ನೋಡಿಕೊಂಡು ಬರಲಿ, ಹೆಂಗಸರು ಒಳಗೆ ಮಾತನಾಡಲಿ. ನಾಲ್ವರೂ ಸಾಲಾಗಿ ಕುಳಿತು ಪ್ರಶ್ನೋತ್ತರ ನಡೆಸಿದರೆ ಯಾರೂ ಬಾಯಿ ಬಿಡುವುದಿಲ್ಲ. ತೋಟದ ಹುಟ್ಟುವಳಿಯ ಹಣ ಯಾರ ಕೈಗೆ ಬರುತ್ತದೆ, ಸೊಸೆಗೆ ತನ್ನದೆಂದು ಖರ್ಚಿಗೆ ಏನಾದರೂ ಸಿಗುತ್ತದೆಯೇ, ಮದುವೆಗೆ ಮಾಡಿದ ಸಾಲ ಎಷ್ಟು ಉಳಿದಿದೆ, ಅದನ್ನು ತೀರಿಸುವ ಹೊಣೆ ಯಾರದು, ತವರಿಗೆ ಫೋನ್ ಮಾಡಿದರೆ ಯಾರಾದರೂ ಮುಖ ಸಿಂಡರಿಸುತ್ತಾರೆಯೇ: ಇಂಥವು ಮಾತಿನ ನಡುವೆ ತಾವಾಗಿ ಬರಬೇಕಾದ ವಿಷಯಗಳು. ಅಡಿಕೆ ಮನೆಗಳಲ್ಲಿ ಹಣ ವರ್ಷಕ್ಕೊಂದು ಸಲ ಗಂಟಾಗಿ ಬರುತ್ತದೆ, ಕೊಳೆರೋಗವೋ ಎಲೆಚುಕ್ಕಿ ರೋಗವೋ ಬಿದ್ದ ವರ್ಷ ಅದೂ ಬರುವುದಿಲ್ಲ. ಹೀಗಾಗಿ ಗಂಡ ಹೆಂಡಿರ ನಡುವಿನ ಎಷ್ಟೋ ಮನಸ್ತಾಪಗಳು ಪ್ರೀತಿಯ ಕೊರತೆಯಿಂದಲ್ಲ, ಲೆಕ್ಕವನ್ನು ಒಬ್ಬರಿಗೊಬ್ಬರು ಹೇಳದೆ ಇದ್ದುದರಿಂದ ಹುಟ್ಟಿದವು.

ಈ ಏರ್ಪಾಡು ನಿಲ್ಲುವುದು ಬೀಳುವುದು ಗುಟ್ಟಿನ ಮೇಲೆ. ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಆಡಿದ ಮಾತು ಸಂಜೆಯೊಳಗೆ ಘಟ್ಟ ಇಳಿದು ಕುಂದಾಪುರ ಮುಟ್ಟುವ ಸೀಮೆ ನಮ್ಮದು. ಜೊತೆಗಾರರು ಕೇಳಿದ್ದನ್ನು ಮನೆಯ ಹಿರಿಯರಿಗಾಗಲಿ, ಮಂಡಳಿಗಾಗಲಿ, ಆ ದಂಪತಿಯ ಒಪ್ಪಿಗೆಯಿಲ್ಲದೆ ಗುರುಗಳಿಗಾಗಲಿ ಹೇಳುವಂತಿಲ್ಲವೆಂಬ ನಿಯಮವನ್ನು ಮೊದಲೇ ಮಾಡಿ. ಪ್ರಾಣಕ್ಕೆ ಅಪಾಯವಿದೆಯೆಂದು ಕಂಡಾಗ ಮಾತ್ರ ಅದಕ್ಕೆ ವಿನಾಯಿತಿ ಇರಲಿ. ನಿಯಮ ಮುರಿದವರನ್ನು ಸದ್ದಿಲ್ಲದೆ ಆ ಕೆಲಸದಿಂದ ಬಿಡಿಸಿ.

ಎರಡು ರಾತ್ರಿ ಹೊರಗೆ ಉಳಿದು ನಡೆಸುವ ದಂಪತಿಗಳ ಶಿಬಿರಗಳ ಬಗ್ಗೆಯೂ ಯಾರಾದರೂ ಸಲಹೆ ಕೊಟ್ಟಿರಬಹುದು. ಸ್ಪೇನಿನ ಫಾದರ್ ಗೇಬ್ರಿಯಲ್ ಕಾಲ್ವೊ 1962ರಲ್ಲಿ ಬಾರ್ಸಿಲೋನಾದಲ್ಲಿ ಆರಂಭಿಸಿದ ಮ್ಯಾರೇಜ್ ಎನ್‌ಕೌಂಟರ್ ಅವುಗಳಲ್ಲಿ ಹೆಸರುವಾಸಿಯಾದದ್ದು. ಗಂಡ ಹೆಂಡತಿ ತಮ್ಮ ಮನಸ್ಸಿನಲ್ಲಿದ್ದುದನ್ನು ಬೇರೆ ಬೇರೆ ಕುಳಿತು ಪತ್ರವಾಗಿ ಬರೆದು, ಬದಲಾಯಿಸಿಕೊಂಡು ಓದಿ, ಆಮೇಲೆ ಇಬ್ಬರೇ ಮಾತನಾಡುವುದು ಅದರ ತಿರುಳು, ಅದು ನಿಜಕ್ಕೂ ಒಳ್ಳೆಯ ಕ್ರಮ. ಆದರೆ ಕೊಟ್ಟಿಗೆಯಲ್ಲಿ ಹಸುವೂ ಒಳಗೆ ಹಾಸಿಗೆ ಹಿಡಿದ ಹಿರಿಯರೂ ಇರುವ ಮಲೆನಾಡಿನ ಮನೆಯಿಂದ ಇಬ್ಬರೂ ಒಟ್ಟಿಗೆ ಎರಡು ರಾತ್ರಿ ಹೊರಗಿರುವುದೆಂದರೆ ಆಗದ ಮಾತು. ಭಾನುವಾರದ ಪೂಜೆಯಿಂದ ಹಾಲು ಕರೆಯುವ ಹೊತ್ತಿನವರೆಗೆ, ಅಂದರೆ ಮಧ್ಯಾಹ್ನ ಮೂರಕ್ಕೆ ಮುಗಿಯುವಂತೆ, ಚರ್ಚಿನ ಸಭಾಂಗಣದಲ್ಲಿಯೇ ಇದನ್ನು ನಡೆಸಿ. ಮಕ್ಕಳನ್ನು ಆ ಹೊತ್ತಿಗೆ ಯುವಕ ಸಂಘದವರು ನೋಡಿಕೊಳ್ಳಲಿ. ಬರೆಯಲು ಬಾರದವರು ಹೊರಗೆ ಮರದ ಕೆಳಗೆ ಕುಳಿತು ಮಾತನಾಡಿಕೊಳ್ಳಲಿ, ಅದಕ್ಕೇನೂ ಕೊರತೆಯಿಲ್ಲ.

ಕುಡಿತದ ವಿಷಯವನ್ನು ಪ್ರತ್ಯೇಕವಾಗಿಯೇ ಹೇಳಬೇಕು, ಏಕೆಂದರೆ ಚರ್ಚುಗಳು ಇದನ್ನು ಕೇವಲ ಪಾಪವೆಂದು ಬೈದು ಅಥವಾ ಗಂಡಸರ ಸಹಜ ಗುಣವೆಂದು ನಕ್ಕು ಬಿಟ್ಟುಬಿಡುತ್ತವೆ. ರೋಸ್‌ನ ರಾತ್ರಿ ನಾವೇ ಬಡಿಸಿದ ಮದ್ಯದ ಬಗ್ಗೆ ಆಮೇಲೆ ಪ್ರಸಂಗ ಮಾಡಿದರೆ ಯಾರು ಕೇಳುತ್ತಾರೆ? ಚಟವಾಗಿ ಬೆಳೆದ ಕುಡಿತ ವೈದ್ಯರ ನೆರವು ಬೇಕಾದ ಕಾಯಿಲೆ. ದಿನಾಲೂ ಬಹಳ ಕುಡಿಯುವವರನ್ನು ಹರಕೆ ಹೊರಿಸಿ ಥಟ್ಟನೆ ಬಿಡಿಸಿದರೆ ನಡುಕ, ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು, ಆದ್ದರಿಂದ ಮೊದಲು ಆಸ್ಪತ್ರೆ, ಆಮೇಲೆ ಹರಕೆ. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಗುಂಪಿನ ಸಭೆಗೆ ನಿಮ್ಮ ಸಭಾಂಗಣವನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಡಲು ಸಿದ್ಧರೆಂದು ತಿಳಿಸಿ, ಜಾತಿ ಮತ ಕೇಳದೆ ಯಾರು ಬೇಕಾದರೂ ಬರಲಿ. ಮನಸ್ಸಿನ ಕಾಯಿಲೆಗಳಿಗೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416 ಇದೆ, ಉಚಿತ, ಕನ್ನಡದಲ್ಲೂ ಮಾತನಾಡಬಹುದು. ಈ ಸಂಖ್ಯೆಯನ್ನು ಸೂಚನಾ ಫಲಕದಲ್ಲಿ ಬರೆಯಿಸಿ.

ಮದುವೆಯನ್ನು ಬಲಪಡಿಸುವುದೆಂದರೆ ಏನೇ ಆದರೂ ಇಬ್ಬರನ್ನೂ ಒಂದೇ ಮಾಡಿನ ಕೆಳಗೆ ಕೂಡಿಹಾಕುವುದೆಂದು ನಂಬಿರುವ ಮಂಡಳಿಗಳಿವೆ. ಅದು ಧರ್ಮಸಭೆಯ ಬೋಧನೆಯೇ ಅಲ್ಲ. ಸಂಗಾತಿಯಿಂದ ದೇಹಕ್ಕಾಗಲಿ ಆತ್ಮಕ್ಕಾಗಲಿ ಗಂಭೀರ ಅಪಾಯವಿದ್ದರೆ ಬೇರೆ ಇರಲು ಅದು ನ್ಯಾಯವಾದ ಕಾರಣವೆಂದು ಕಾನೂನು ಸಂಹಿತೆಯ 1153ನೆಯ ವಿಧಿ ಸ್ಪಷ್ಟವಾಗಿ ಹೇಳುತ್ತದೆ. 2016ರ ಪ್ರಬೋಧನ ಪತ್ರವು ಕೆಲವು ಸಂದರ್ಭಗಳಲ್ಲಿ ಬೇರೆಯಾಗುವುದು ನೈತಿಕವಾಗಿ ಅಗತ್ಯವೇ ಆಗಬಹುದೆಂದು ಒಪ್ಪುತ್ತದೆ. ಹೊಡೆತ ತಿಂದು ಬಂದವಳನ್ನು ಜಪಸರ ಮಾಡು, ಸಹಿಸಿಕೋ ಎಂದು ಹೇಳಿ ಅದೇ ಮನೆಗೆ ಕಳಿಸುವ ಹಿರಿಯರು ಹೀಗೆ ಚರ್ಚಿನ ಮಾತನ್ನೂ ಮೀರುತ್ತಿದ್ದಾರೆ, ದೇಶದ ಕಾನೂನನ್ನೂ ಮರೆಯುತ್ತಿದ್ದಾರೆ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯು ಎಲ್ಲ ಧರ್ಮದ ಹೆಣ್ಣುಮಕ್ಕಳಿಗೂ ಅನ್ವಯಿಸುತ್ತದೆ, ಅವಳಿಗೆ ಆ ಮನೆಯಲ್ಲಿ ವಾಸಿಸುವ ಹಕ್ಕನ್ನೂ ಕೊಡುತ್ತದೆ. ಮಹಿಳಾ ಸಹಾಯವಾಣಿ 181.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಸರಿಪಡಿಸಬೇಕು. ಧರ್ಮಪ್ರಾಂತ್ಯದ (ಒಬ್ಬ ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರದೇಶದ) ನ್ಯಾಯಪೀಠವು ಒಂದು ಮದುವೆ ಮೊದಲಿನಿಂದಲೂ ಸಿಂಧುವಾಗಿರಲಿಲ್ಲವೆಂದು ತೀರ್ಪು ಕೊಟ್ಟರೆ, ಅದು ಚರ್ಚಿನೊಳಗೆ ಮಾತ್ರ ನಡೆಯುವ ತೀರ್ಪು. ಅಂಥ ತೀರ್ಪಿಗೆ ನಾಗರಿಕ ಕಾನೂನಿನ ಮಾನ್ಯತೆ ಬೇಕೆಂದು ಸಲ್ಲಿಸಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟು 2017ರಲ್ಲಿ ತಳ್ಳಿಹಾಕಿತು. ಆದ್ದರಿಂದ ಚರ್ಚಿನ ತೀರ್ಪಿನೊಂದನ್ನೇ ಹಿಡಿದು ಮರುಮದುವೆಯಾದರೆ ಕಾನೂನಿನ ದೃಷ್ಟಿಯಲ್ಲಿ ಅದು ಅಪರಾಧವಾಗಬಹುದು. ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯ್ದೆಯಡಿ ಮೊದಲು ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದನ್ನೇ ಸಾಬೀತುಪಡಿಸಿದರೆ ಸಾಕಿತ್ತು, ಹೆಂಡತಿಯಾದರೆ ಅದರ ಜೊತೆಗೆ ಕ್ರೌರ್ಯವನ್ನೋ ತೊರೆದುಹೋದದ್ದನ್ನೋ ತೋರಿಸಬೇಕಾಗಿತ್ತು. ಈ ಅನ್ಯಾಯ ಹೋಗಿ, ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೂ ಅವಕಾಶ ಬಂದದ್ದು 2001ರ ತಿದ್ದುಪಡಿಯಲ್ಲಿ. ವಿವಾಹಪೂರ್ವ ತರಬೇತಿಯಲ್ಲಿ ಒಬ್ಬ ವಕೀಲರಿಂದ ಒಂದು ಗಂಟೆ ಇದನ್ನೆಲ್ಲ ಹೇಳಿಸುವುದರಿಂದ ಮದುವೆಗಳು ಮುರಿಯುವುದಿಲ್ಲ. ಹಕ್ಕು ಗೊತ್ತಿರುವ ಹೆಣ್ಣಿನೊಡನೆ ಗಂಡಿನ ಮನೆಯವರೂ ಒಂದಿಷ್ಟು ಹದವಾಗಿ ನಡೆದುಕೊಳ್ಳುವುದನ್ನು ನಾನು ಕಂಡಿದ್ದೇನೆ.

ಒಂದೇ ಪೇಟೆಯಲ್ಲಿ 1988ರಲ್ಲಿ ಸ್ಥಾಪನೆಯಾದ ಶಿವಮೊಗ್ಗ ಧರ್ಮಪ್ರಾಂತ್ಯದ ಚರ್ಚೂ, 2007ರಲ್ಲಿ ಸಿರೋ ಮಲಬಾರ್ ಎಂಬ ಸಿರಿಯನ್ ಕಥೋಲಿಕ ಸಂಪ್ರದಾಯದವರಿಗಾಗಿ ಆದ ಭದ್ರಾವತಿ ಧರ್ಮಪ್ರಾಂತ್ಯದ ಚರ್ಚೂ, ಪ್ರೊಟೆಸ್ಟೆಂಟ್ ಸಭೆಗಳೂ ಇರುವಲ್ಲಿ, ಈ ಕೆಲಸವನ್ನು ಪ್ರತಿಯೊಬ್ಬರೂ ಬೇರೆ ಬೇರೆ ಮಾಡುವ ಅಗತ್ಯವಿಲ್ಲ. ಜೊತೆಗಾರ ದಂಪತಿಗಳ ತರಬೇತಿಯನ್ನು ಒಟ್ಟಿಗೆ ನಡೆಸಬಹುದು. ನಿಮ್ಮ ಸಭೆಯ ಹುಡುಗನಿಗೆ ಬೇರೆ ಸಭೆಯ ಹುಡುಗಿ ಬಂದಿದ್ದರೆ ಅಥವಾ ಕ್ರೈಸ್ತರಲ್ಲದ ಮನೆಯಿಂದ ಮದುವೆಯಾಗಿ ಬಂದಿದ್ದರೆ, ಆ ಮನೆಗೆ ಜೊತೆಗಾರರು ಹೋಗುವುದು ಇನ್ನೂ ಮುಖ್ಯ; ಆದರೆ ಮತದ ಮಾತೆತ್ತದೆ, ಆಕೆಯ ತಾಯಿತಂದೆಯರ ಕ್ಷೇಮ ವಿಚಾರಿಸಿಕೊಂಡು ಬರಲಿ.

ಕೊನೆಗೆ ಹಣದ ವಿಷಯ. ದಾನಿಗಳನ್ನು ಕೇಳಿ, ಅವರ ಒಪ್ಪಿಗೆ ಪಡೆದು, ಸ್ಮರಣಿಕೆಗಳನ್ನು ಕೈಬಿಡಿ. ಗಾಜಿನ ಪೆಟ್ಟಿಗೆಯೊಳಗಿನ ಪ್ರತಿಮೆಗಳು ಎಲ್ಲರ ಮನೆಯಲ್ಲೂ ಬೇಕಾದಷ್ಟಿವೆ. ಊಟ ಇರಲಿ, ಸರಳವಾಗಿರಲಿ. ಉಳಿದ ಹಣವನ್ನು ಮೊದಲ ಸ್ಥಾನದಲ್ಲಿ ಜೊತೆಗಾರ ದಂಪತಿಗಳ ಜೀಪು ಬಾಡಿಗೆಗೆ ಎತ್ತಿಡಿ, ಏಕೆಂದರೆ ಮಳೆಗಾಲದಲ್ಲಿ ಬಸ್ಸು ಹೋಗದ ಮನೆಗಳಿಗೇ ಅವರು ಹೋಗಬೇಕಾಗಿರುವುದು, ಅದನ್ನು ಕೈಯಿಂದ ಹಾಕಿಕೊಳ್ಳಬೇಕಾದರೆ ಎರಡನೆಯ ವರ್ಷಕ್ಕೆ ಯಾರೂ ಉಳಿಯುವುದಿಲ್ಲ. ಎರಡನೆಯದಾಗಿ, ಆಪ್ತಸಲಹೆಗೋ ಚಿಕಿತ್ಸೆಗೋ ಶಿವಮೊಗ್ಗಕ್ಕೆ ಹೋಗಿಬರಬೇಕಾದವರ ಪ್ರಯಾಣಕ್ಕೆ ಒಂದಿಷ್ಟು ಇಟ್ಟುಕೊಳ್ಳಿ. ವರ್ಷದ ಕೊನೆಗೆ ಮಹಾಸಭೆಯಲ್ಲಿ ಈ ಖಾತೆಯ ಒಟ್ಟು ಮೊತ್ತವನ್ನು ಮಾತ್ರ ಓದಿ. ಯಾವ ತಿಂಗಳು, ಯಾವ ಊರಿನ ಕಡೆಗೆ ಎಂಬ ವಿವರ ಗುರುಗಳೂ ಖಜಾಂಚಿಯೂ ನೋಡುವ ಪುಸ್ತಕದಲ್ಲಿದ್ದರೆ ಸಾಕು.